ಮೈನಸ್ ನುಂಗಿದ ಕಂಪೈಲರ್ ಮತ್ತು ತನುಜಾ

ಬೆಳಗಿನ ಐದೂವರೆ. ಭದ್ರಾವತಿಯ ಸಣ್ಣ ಶೆಡ್ಡಿನಲ್ಲಿ ತನುಜಾ ಸ್ವೆಟರ್ ಮೇಲೆ ಶಾಲು ಹೊದ್ದು ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದಾರೆ. ನನಗೋ ಹಲ್ಲು ಕಟಕಟ. "ಮುಚ್ಚಬೇಡಿ ಸಾರ್, ಚಳಿ ಇದ್ರೇನೇ ಇದರ ಕಳ್ಳಾಟ ಗೊತ್ತಾಗೋದು" ಎಂದು ಮೇಜಿನ ಮೇಲಿನ ಪೆಟ್ಟಿಗೆ ತೋರಿಸುತ್ತಾರೆ.

ಅದು ಕುಲುಮೆಯ ಶಾಖ ತೋರಿಸುವ ಯಂತ್ರ. ಅಂಥವನ್ನು ತಯಾರಿಸುವ ಈ ಶೆಡ್ಡಿನಲ್ಲಿ, ಡಿಪ್ಲೊಮಾ ಓದಿದ ತನುಜಾ ಒಂಬತ್ತು ವರ್ಷಗಳಿಂದ ಪರೀಕ್ಷಕಿ. ಶಿವಮೊಗ್ಗದ ಕೋಟೆ ಪ್ರದೇಶದಿಂದ ದಿನವೂ ಮೊದಲ ಬಸ್ಸಿಗೆ ಬರುತ್ತಾರೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಎಲ್ಲರೂ ಪ್ರೋಗ್ರಾಮಿನ ತಪ್ಪು ಹುಡುಕಿದರೆ ಇವರು ಕಂಪೈಲರಿನ ತಪ್ಪನ್ನೂ ಹುಡುಕುತ್ತಾರೆ. ದಿನಕ್ಕೆ ನಲವತ್ತು ಲೆಕ್ಕ, ನೋಟ್‌ಬುಕ್ಕಿನಲ್ಲಿ ಕೈಯಾರೆ ಮಾಡಿ ತಾಳೆ ನೋಡುತ್ತಾರೆ. "ಒಂದೇ ತರದ ಸಂಖ್ಯೆ ಆದ್ರೆ ತಕರಾರಿಲ್ಲ. ಪೂರ್ಣಾಂಕಕ್ಕೆ ದಶಮಾಂಶ ಬೆರೆಸಿ ನೋಡಿ, ಅಲ್ಲೇ ಎಡವೋದು." ಕಳೆದ ನಾಲ್ಕು ವರ್ಷದಲ್ಲೇ ಕಂಪೈಲರಿನ ಹನ್ನೊಂದು ತಪ್ಪು ಹಿಡಿದಿದ್ದಾರೆ. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಸಹೋದ್ಯೋಗಿಗಳು ನಕ್ಕಿದ್ದೂ ಉಂಟು.

ಕಳೆದ ಡಿಸೆಂಬರಿನ ಒಂದು ಮುಂಜಾನೆ, ಇಲ್ಲಿಯದೇ ಯಂತ್ರ ಕೂರಿಸಿದ್ದ ಶಿವಮೊಗ್ಗದ ಫೌಂಡ್ರಿಯಲ್ಲಿ ಒಂದು ಲೋಡ್ ಬಿಡಿಭಾಗ ಪೂರ್ತಿ ಕಾಯದೆ ಹಾಳಾಯಿತು. ಕುಲುಮೆಯ ಬಾಗಿಲು ಸರಿಯಾಗಿ ಹಾಕಲಿಲ್ಲವೆಂದು, ಮೂವತ್ತು ವರ್ಷ ಅದರ ಮುಂದೆ ನಿಂತ ರಂಗಪ್ಪನವರನ್ನು ಗೇಟು ಕಾಯಲು ಹಾಕಿದರು. "ಒಂಬೈನೂರು ಡಿಗ್ರಿಗೆ ಕಿತ್ತಳೆ ಬಣ್ಣ ಬರ್ಬೇಕು ಮಾರಾಯ್ರೆ. ಬರೀ ಮಂಕು ಕೆಂಪಿತ್ತು, ಹೇಳ್ದೆ. ಕಂಪ್ಯೂಟರ್ ಸುಳ್ಳು ಹೇಳುತ್ತಾ, ಲೋಡ್ ತೆಗಿ ಅಂದ್ರು ಮೇಲಿನವ್ರು. ತೆಗ್ದೆ" ಎನ್ನುತ್ತಾರೆ ರಂಗಪ್ಪ.

ಅವರ ಮಾತು ನಂಬಿದವರು ತನುಜಾ ಒಬ್ಬರೇ. ಹದಿನೆಂಟು ಮುಂಜಾವು ಇಲ್ಲೇ ಕೂತರು. ಯಂತ್ರವನ್ನು ಹೊಂದಿಸಿರುವುದು ಇಪ್ಪತ್ತು ಡಿಗ್ರಿಯ ಕೋಣೆಗೆ. ಕೋಣೆ ಹದಿನೇಳಕ್ಕೆ ಇಳಿದರೆ ಅದು ಮೂರು ಕಳೆಯಬೇಕು. ಆದರೆ ಆ ಮೈನಸ್ ಮೂರನ್ನು ದಶಮಾಂಶ ಸಂಖ್ಯೆಗೆ ಕೂಡಿಸುವಾಗ ಕಂಪೈಲರ್ ಮೈನಸ್ ಗುರುತು ನುಂಗಿ, ಅದನ್ನು ಇನ್ನೂರ ಐವತ್ತಾರಕ್ಕೆ ಮೂರು ಕಡಿಮೆ, ಅಂದರೆ ಇನ್ನೂರ ಐವತ್ಮೂರು ಎಂದು ಓದುತ್ತಿತ್ತು. ಅಳತೆಯ ಆರುನೂರ ನಲವತ್ತೇಳರಲ್ಲಿ ಮೂರು ಕಳೆದು ಆರುನೂರ ನಲವತ್ನಾಲ್ಕು ತೋರಿಸಬೇಕಾದಲ್ಲಿ ಪರದೆಯಲ್ಲಿ ಒಂಬೈನೂರು!

"ಮೊದ್ಲು ನನ್ನದೇ ತಪ್ಪು ಅಂದ್ಕೊಂಡೆ. ಕಂಪೈಲರ್ ಮೇಲೆ ಯಾರು ಅನುಮಾನ ಪಡ್ತಾರೆ?" ಎನ್ನುತ್ತಾರೆ ತನುಜಾ. ಅದನ್ನು ರೂಪಿಸಿದವರು ತಪ್ಪೊಪ್ಪಿ ತಿದ್ದಿದರು. ತಿದ್ದುಪಡಿಯ ಪಟ್ಟಿಯಲ್ಲಿ ಒಂದೇ ಸಾಲು, ಇವರ ಹೆಸರಿಲ್ಲ. ರಂಗಪ್ಪ ಕುಲುಮೆಗೆ ಮರಳಿದ್ದಾರೆ, ಆದರೆ ಅವರ ಕಡತದಲ್ಲಿ 'ನಿರ್ಲಕ್ಷ್ಯ' ಎಂಬ ಷರಾ ಹಾಗೇ ಇದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ರಂಗಪ್ಪ. ನನಗಂತೂ ಸಿಟ್ಟೇ ಬಂತು.

ಹೆಸರು ಹಾಕಲಿಲ್ಲವೆಂದು ಬೇಸರವಿಲ್ಲವೇ ಎಂದು ತನುಜಾರನ್ನು ಕೇಳುತ್ತೇನೆ.

"ನನ್ನ ಹೆಸರು ಇಟ್ಕೊಂಡು ಏನ್ ಮಾಡ್ಲಿ ಸಾರ್? ಮಾರ್ಚಿಗೆ ರಂಗಪ್ಪಣ್ಣ ರಿಟೈರ್ ಆಗ್ತಾರೆ. ಅಷ್ಟರೊಳಗೆ ಆ ಒಂದು ಪದ ಹೊಡೆದು ಹಾಕ್ಲಿ. ಕಂಪೈಲರ್ ಮಾಡಿದವ್ರೇ ತಪ್ಪಾಯ್ತು ಅಂದ್ರು, ಈ ಫೌಂಡ್ರಿಯವ್ರಿಗೇನು ಕಷ್ಟ?"