ತಾತ್ಕಾಲಿಕ ಎಂದು ಬರೆದ ಆರು ಸಾಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಅಜ್ಜಿ ಎಂದೇ. ವಯಸ್ಸು ಮಾತ್ರ ಮೂವತ್ತನಾಲ್ಕು. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಸರದಿ ಕೊಡುವ ಓಬೀರಾಯನ ಕಾಲದ ಪ್ರೋಗ್ರಾಮೊಂದನ್ನು ಒಂಬತ್ತು ವರ್ಷದಿಂದ ಒಬ್ಬಳೇ ಸಾಕುತ್ತಿದ್ದಳು. ಹೆಸರು ಅಂಟಿಕೊಂಡಿದ್ದು ಹಾಗೆ. ಅದು ಕೆಮ್ಮಿದರೆ ಇವಳಿಗೇ ಫೋನು. ತಂಗಿಯ ಮದುವೆಯ ಫೋಟೋಗಳಲ್ಲೆಲ್ಲ ಅವಳು ಫೋನು ಕಿವಿಗಿಟ್ಟುಕೊಂಡೇ ನಿಂತಿದ್ದಾಳೆ.

ಉಳಿದವರಿಗೆ ಪ್ರೋಗ್ರಾಮ್ ಬರೆಯುವ ಹುಚ್ಚಾದರೆ ಇವಳಿಗೆ ಅಳಿಸುವ ಹುಚ್ಚು. ಯಾತಕ್ಕೂ ಬಾರದೆ ಸುಮ್ಮನೆ ಬಿದ್ದಿರುವ ಸಾಲುಗಳನ್ನು ಹುಡುಕಿ ಕಿತ್ತುಹಾಕಿದರೆ ಅವಳಿಗೆ ಊಟ ಮಾಡಿದಷ್ಟು ತೃಪ್ತಿ. ಅದನ್ನೇ ವಿಷಯ ಮಾಡಿಕೊಂಡು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿ ಐದು ವರ್ಷವಾಗಿತ್ತು. ಯಾವ ಸಾಲು ತೆಗೆದರೆ ಅಪಾಯವಿಲ್ಲ, ಯಾವುದನ್ನು ಮುಟ್ಟಲೇಬಾರದು ಎಂದು ಹೇಳುವ ಸಾಧನವನ್ನೂ ಕಟ್ಟಿದ್ದಳು. "ನಿನ್ನ ಮೊಮ್ಮಗಳೂ ನೀನೂ ಒಟ್ಟಿಗೇ ಪಾಸಾಗ್ತೀರೇನೋ" ಎಂದು ಅಮ್ಮ ಚುಚ್ಚುತ್ತಿದ್ದಳು. ಪ್ರಬಂಧ ಒಪ್ಪಿಸಲು ಇನ್ನು ಮೂರೇ ತಿಂಗಳು. ತಪ್ಪಿದರೆ ನೋಂದಣಿ ರದ್ದು, ಐದು ವರ್ಷ ನೀರುಪಾಲು.

"ಮೂರು ತಿಂಗಳು ರಜೆ ಬೇಕು ಸರ್."

ಮ್ಯಾನೇಜರ್ ಕೆಟ್ಟವರಲ್ಲ; ಅದೇ ಕಷ್ಟ. "ನಾನೆಲ್ಲಿ ಬೇಡ ಅಂದೆ? ಪ್ರೋಗ್ರಾಮನ್ನ ಯಾರಿಗಾದ್ರೂ ವಹಿಸಿಕೊಡಿ, ಆರಾಮಾಗಿ ಹೋಗಿ."

ಇಬ್ಬರು ಬಂದರು. ಒಬ್ಬ ಎರಡೇ ದಿನಕ್ಕೆ ಕೈಚೆಲ್ಲಿದ. ಇನ್ನೊಬ್ಬಳು, "ಇಲ್ಲಿ ಮುಟ್ಟಿದ್ರೆ ಅಲ್ಲೆಲ್ಲೋ ನಿಂತುಹೋಗತ್ತೆ. ನನ್ನ ಕೈಲಾಗಲ್ಲ ಅಜ್ಜಿ" ಎಂದು ಜಾರಿಕೊಂಡಳು.

ಅವಳಿಗೆ ರೋಷ ಬಂತು. ಊರವರ ಪ್ರೋಗ್ರಾಮುಗಳನ್ನೆಲ್ಲ ಜಾಲಾಡಿದ ಸಾಧನವನ್ನು ಮೊದಲ ಸಲ ಇದರ ಮೇಲೆ ಬಿಟ್ಟಳು. ಗಂಟು ಎಲ್ಲಿದೆಯೆಂದು ತಿಳಿದರೆ ಬಿಚ್ಚಿಕೊಟ್ಟು ಹೊರಟುಬಿಡಬಹುದು. ಮಧ್ಯಾಹ್ನಕ್ಕೆ ಉತ್ತರ ಬಂತು. ಗಂಟು ಒಂದೇ, ಆರು ಸಾಲಿನದು; ಪ್ರೋಗ್ರಾಮಿನ ನಾನೂರ ಹದಿನೇಳು ಭಾಗಗಳು ಅದನ್ನೇ ನೆಚ್ಚಿಕೊಂಡಿವೆ. ತೆರೆದಳು. ಮೇಲೊಂದು ಟಿಪ್ಪಣಿ: 'ತಾತ್ಕಾಲಿಕ. ಮುಂದಿನ ವಾರ ತೆಗೆಯುವುದು.' ಪಕ್ಕದಲ್ಲಿ ಎಂಟು ವರ್ಷದ ಹಿಂದಿನ ತಾರೀಖು, ಅವಳದೇ ಹೆಸರು.

ಒಂದೇ ಸರದಿ ಇಬ್ಬರು ರೋಗಿಗಳಿಗೆ ಹೋಗುತ್ತಿದ್ದ ದಿನ ಅದು. ಸರಿಯಾಗಿ ಮಾಡಲು ವಾರ ಬೇಕಿತ್ತು; ಹತ್ತು ನಿಮಿಷದಲ್ಲಿ ತೇಪೆ ಹಾಕಿ ಶಹಬ್ಬಾಸ್ ಅನ್ನಿಸಿಕೊಂಡಿದ್ದಳು. ಆಮೇಲೆ ಬಂದ ಕೆಲಸವನ್ನೆಲ್ಲ ಆ ತೇಪೆಗೇ ಹೊಲಿದಳು. ಈಗ ಬಿಚ್ಚಬೇಕೆಂದರೆ ವರ್ಷವೇ ಹಿಡಿದೀತು. ಮ್ಯಾನೇಜರನ್ನು, ಆಫೀಸನ್ನು, ಹಣೆಬರಹವನ್ನು ಇಷ್ಟು ದಿನ ಬೈದುಕೊಂಡಿದ್ದವಳಿಗೆ ಇನ್ನು ಬೈಯಲು ಯಾರೂ ಉಳಿಯಲಿಲ್ಲ.

ಸಂಜೆ ಗೈಡ್ ಮೇಡಂಗೆ ತೋರಿಸಿದರೆ ಅವರು ಕುರ್ಚಿಯಿಂದೆದ್ದೇ ಬಿಟ್ಟರು. "ಇದಕ್ಕಿಂತ ಒಳ್ಳೇ ಉದಾಹರಣೆ ಸಿಗತ್ತೇನೇ? ಇದೇ ನಿನ್ನ ಕೊನೇ ಅಧ್ಯಾಯ! ಕೂತು ಬರಿ."

"ಕೂರೋಕೆ ರಜೆ ಬೇಕಲ್ಲ ಮೇಡಂ."

ಅಷ್ಟರಲ್ಲಿ ಫೋನು. ಯಾವುದೋ ಆಸ್ಪತ್ರೆಯಲ್ಲಿ ಸರದಿ ನಿಂತಿದೆ, ಜನ ಕೂಗಾಡುತ್ತಿದ್ದಾರೆ. ಮೇಡಂ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಆ ಆರು ಸಾಲಿನ ಕೆಳಗೆ ಏಳನೆಯದನ್ನು ಸೇರಿಸಿದಳು. ಸರದಿ ಮತ್ತೆ ಓಡಿತು. ಆಮೇಲೆ ಮೇಲಿನ ಟಿಪ್ಪಣಿಗೆ ಹೋಗಿ, 'ತಾತ್ಕಾಲಿಕ' ಎಂಬುದನ್ನೂ 'ಮುಂದಿನ ವಾರ ತೆಗೆಯುವುದು' ಎಂಬುದನ್ನೂ ಅಳಿಸಿ, ತನ್ನ ಹೆಸರನ್ನು ಹಾಗೇ ಬಿಟ್ಟಳು.