ಎಂಟನೆಯ ಗೆರೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ. ಮನಸ್ಸಿನಲ್ಲಿ ಇದನ್ನು ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಪ್ರತಿ ಸಲವೂ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತೇನೆ.

ನಮ್ಮ ಬಡಾವಣೆಯ ಕನ್ನಡ ಸಂಘದವರು ಆ ವರ್ಷ ನವೆಂಬರಿನ ಹಬ್ಬಕ್ಕೆ ಹೊಸದೊಂದು ಯೋಚನೆ ಮಾಡಿದ್ದರು. ಜೀಡಿಮೆಟ್ಲಾ ಕಡೆ ರಸ್ತೆ ಬದಿಯಲ್ಲಿ ಮಾರುವ, ತೋಟದಲ್ಲಿಡುವ ಸಿಮೆಂಟಿನ ಪ್ರಾಣಿಗಳನ್ನು ತರಿಸುವುದು, ಚಿತ್ರ ಬಲ್ಲವರು ಒಬ್ಬೊಬ್ಬರು ಒಂದೊಂದಕ್ಕೆ ಬಣ್ಣ ಹಾಕುವುದು, ಭಾನುವಾರ ಸಂಜೆ ಹರಾಜು ಕೂಗುವುದು. ಬಂದ ಹಣ ಊರುಗಳಿಂದ ಇಲ್ಲಿನ ಆಸ್ಪತ್ರೆಗಳಿಗೆ ಬರುವವರ ಜೊತೆಗಾರರು ಉಳಿದುಕೊಳ್ಳುವ ಕೋಣೆಗಳಿಗೆ. ಸಂಘದ ಅಂಗಳದಲ್ಲಿ ಕೊಕ್ಕರೆ, ಆಮೆ, ಜಿಂಕೆ, ಕಪ್ಪೆಗಳು ಬೂದು ಬಣ್ಣದಲ್ಲಿ ಸಾಲಾಗಿ ನಿಂತವು. ಮೊಣಕಾಲೆತ್ತರದ ಒಂದು ಆನೆ ಇತ್ತು. ಅದನ್ನು ನನ್ನ ಅಕ್ಕ ಕೇಳಿ ಪಡೆದಳು.

ಅಕ್ಕ ಧಾರವಾಡದಲ್ಲಿ ಹುಡುಗಿಯಾಗಿದ್ದಾಗಿನಿಂದ ಕಸೂತಿ ಹಾಕುವವಳು. ಮದುವೆಯಾಗಿ ಇದೇ ಊರಿನ ದಿಲ್‌ಸುಖ್‌ನಗರಕ್ಕೆ ಬಂದಳು, ಭಾವ ತೀರಿಕೊಂಡ ಮೇಲೂ ಅಲ್ಲಿಯೇ ತನ್ನ ಮನೆಯಲ್ಲಿ ಒಬ್ಬಳೇ ಖುಷಿಯಾಗಿದ್ದಳು. ಆ ವರ್ಷದ ಬೇಸಿಗೆಯಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಎರಡು ತಿಂಗಳಲ್ಲಿ ಸರಿಹೋಯಿತು. ಎಣಿಕೆ ಸರಿಹೋಗಲಿಲ್ಲ. ವೈದ್ಯರು ಇಪ್ಪತ್ತರವರೆಗೆ ಎಣಿಸಿ ಎಂದರೆ ಒಂಬತ್ತಾದ ಮೇಲೆ ಹದಿನಾಲ್ಕು ಎನ್ನುತ್ತಿದ್ದಳು. ನನ್ನ ಮನೆಗೆ ಕರೆತಂದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಒಂದು ದಿನ ಎರಡು ಬಾರಿ ನುಂಗಿ, ಮರುದಿನ ಒಸಡಿನಿಂದ ರಕ್ತ ಬಂದಾಗ, ಮಾತ್ರೆಯ ಡಬ್ಬಿಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆನೆ ಸಿಕ್ಕ ದಿನ ಊಟಕ್ಕೆ ಕೂತಾಗ ಅಕ್ಕ ಹೇಳಿದಳು:

"ಈ ಆನಿ ಮ್ಯಾಲೆ ಒಂದು ಗೆರೀನೂ ತಪ್ಪದ ಕಸೂತಿ ಗೋಪುರ ಹಾಕ್ತೀನಿ. ಹಾಕಿದ್ರ ಡಬ್ಬಿ ನನ್ನ ಕೈಯಾಗ ಕೊಡು, ನಾ ನನ್ನ ಮನಿಗೆ ಹೋಗ್ತೀನಿ. ತಪ್ಪಿದ್ರ ಸಾಯೋತನಕ ಇಲ್ಲೇ ಇರ್ತೀನಿ, ಬಾಯಿ ಬಿಚ್ಚೂದಿಲ್ಲ."

ನಾನು ಒಪ್ಪಿಕೊಂಡೆ. ತಪ್ಪುತ್ತದೆ ಎಂದುಕೊಂಡೇ ಒಪ್ಪಿಕೊಂಡೆ ಎಂಬುದನ್ನೂ ಬರೆಯಬೇಕು.

ಕೋಠಿ ಪೇಟೆಯಿಂದ ಬಣ್ಣ ತಂದುಕೊಟ್ಟೆ. ಅವಳು ಆನೆಗೆ ಮೊದಲು, ಕಸೂತಿ ಹಾಕುವ ಚಂದ್ರಕಾಳಿ ಸೀರೆಯ ಕಪ್ಪು ಬಳಿದಳು. ಶನಿವಾರ ಬೆಳಿಗ್ಗೆ ಅದರ ಮೇಲೆ ಬಿಳಿ ಬಣ್ಣದ ಸಣ್ಣ ಗೆರೆಗಳನ್ನು ಎಳೆಯತೊಡಗಿದಳು. ಒಂದು ಗೆರೆ, ಅಷ್ಟೇ ಉದ್ದದ ಖಾಲಿ ಜಾಗ, ಮತ್ತೆ ಒಂದು ಗೆರೆ. ಗೋಪುರಕ್ಕೆ ಏಳು ಗೆರೆ. ಒಂದು ಗೋಪುರ ಮುಗಿದರೆ ಅದರ ಪಕ್ಕಕ್ಕೆ ಇನ್ನೊಂದು, ಹೀಗೆ ಆನೆಯ ಮೈಸುತ್ತ. ಪಕ್ಕದಲ್ಲಿ ಕಪ್ಪೆಗೆ ಹಸಿರು ಬಳಿಯುತ್ತಿದ್ದ ನಿವೃತ್ತ ಡ್ರಾಯಿಂಗ್ ಮಾಸ್ತರರು ಬಗ್ಗಿ ನೋಡಿದರು.

"ಅಕ್ಕಾರ, ನಿಮ್ಮ ಆನಿಗೆ ಇರುವಿ ಹತ್ಯಾವಲ್ರಿ."

"ಹತ್ತಲಿ ಬಿಡ್ರಿ," ಎಂದಳು ಅಕ್ಕ, ತಲೆ ಎತ್ತದೆ. "ನಿಮ್ಮ ಕಪ್ಪಿಗೆ ಊಟ ಆತು."

ಮಧ್ಯಾಹ್ನ ಅವಳು ಊಟಕ್ಕೆ ಒಳಗೆ ಹೋದಳು. ನಾನು ಆನೆಯ ಹತ್ತಿರ ಕೂತಿದ್ದೆ. ಮೂವತ್ತೊಂದು ವರ್ಷ ಒಂದು ರಕ್ಷಣಾ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿದವನು ನಾನು. ಅಳತೆ ತಪ್ಪಿದ ಭಾಗಗಳನ್ನು ಬೇರೆ ತೆಗೆದಿಡುವುದೇ ಕೆಲಸವಾಗಿತ್ತು. ಸುಮ್ಮನೆ ಕೂತರೂ ಕಣ್ಣು ಹುಡುಕುತ್ತದೆ. ಹಿಂಗಾಲಿನ ಮೇಲೆ, ಎರಡು ಗೋಪುರಗಳ ನಡುವೆ, ಬಿಟ್ಟ ಜಾಗ ಬೇರೆಡೆಗಿಂತ ದೊಡ್ಡದಿತ್ತು. ಒಂದು ಗೆರೆ ಮರೆತಿದ್ದಾಳೆ ಎಂದುಕೊಂಡೆ. ಅವಳ ಕುಂಚವನ್ನು ಎತ್ತಿ, ಪಕ್ಕದ ಗೆರೆಯನ್ನು ನೋಡಿಕೊಂಡು, ಅದೇ ದಪ್ಪದಲ್ಲಿ ಒಂದು ಗೆರೆ ಎಳೆದೆ. ಯಾರೂ ನೋಡಲಿಲ್ಲ. ಒಳ್ಳೆಯದು ಮಾಡಿದೆ ಎಂಬ ಸಮಾಧಾನದಿಂದ ಕುಂಚ ತೊಳೆದಿಟ್ಟೆ.

ಅಕ್ಕ ಜೀವಮಾನವಿಡೀ ಹಾಕಿದ ಕಸೂತಿಯನ್ನು ನಾನು ಒಮ್ಮೆಯೂ ಕೂತು ನೋಡಿದವನಲ್ಲ. ಅದರಲ್ಲಿ ದಾರ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬರುವಾಗ ಅದೇ ದಾರಿಯಲ್ಲಿ ಬಿಟ್ಟದ್ದನ್ನು ತುಂಬುತ್ತ ಬರಬೇಕು. ಹೋಗುವಾಗ ಎಣಿಕೆ ತಪ್ಪಿದರೆ ಬರುವಾಗ ಅಲ್ಲಿ ಸಿಕ್ಕಿಬೀಳುತ್ತದೆ. ಆನೆಯ ಮೇಲೂ ಅವಳು ಹಾಗೆಯೇ ಹೋಗಿದ್ದಳು. ಹಿಂಗಾಲಿನ ಮೇಲೆ ಸಿಮೆಂಟಿನ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಉಬ್ಬಿಕೊಂಡಿತ್ತು. ಅದನ್ನು ದಾಟಿ ಮುಂದಿನ ಗೋಪುರ ಶುರುಮಾಡಲು ಬೇಕೆಂದೇ ಅಷ್ಟು ಜಾಗ ಬಿಟ್ಟಿದ್ದಳು. ಇದೆಲ್ಲ ನನಗೆ ತಿಳಿದದ್ದು ಭಾನುವಾರ.

ಭಾನುವಾರ ಬೆಳಿಗ್ಗೆ ಅವಳು ಹಿಂದಿರುಗುವ ಸುತ್ತು ಶುರುಮಾಡಿದಳು. ಬಿಟ್ಟ ಜಾಗಗಳು ತುಂಬುತ್ತಿದ್ದಂತೆ ಇರುವೆಗಳು ಗೋಪುರಗಳಾದವು. ಮಾಸ್ತರರು ತಮ್ಮ ಕಪ್ಪೆಯನ್ನು ಬಿಟ್ಟು ಬಂದು ನಿಂತರು. ಹನ್ನೊಂದರ ಹೊತ್ತಿಗೆ ಹಿಂಗಾಲಿನ ಹತ್ತಿರ ಅವಳ ಕುಂಚ ನಿಂತಿತು. ಬೆರಳಿಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಎಂಟು.

ಕುಂಚವನ್ನು ಬಣ್ಣದ ಡಬ್ಬಿಯ ಮೇಲೆ ಅಡ್ಡ ಇಟ್ಟು, ಕೈ ಒರೆಸಿಕೊಂಡು, ಮರದ ಕೆಳಗಿನ ಕುರ್ಚಿಗೆ ಹೋಗಿ ಕೂತಳು. ನಾನು ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಗಡಿಯಾರ ನೋಡಿದ್ದೇನೆ: ಇಪ್ಪತ್ತು ನಿಮಿಷ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದೆ. ಆ ಇಪ್ಪತ್ತು ನಿಮಿಷದಲ್ಲಿ, ಅವಳು ನನ್ನ ಮನೆಯಲ್ಲೇ ಉಳಿದರೆ ಒಳ್ಳೆಯದಲ್ಲವೇ ಎಂಬ ಯೋಚನೆಯೂ ಬಂತು. ಕೊನೆಗೆ ಹೋಗಿ, ಆ ಗೆರೆ ನಾನು ಎಳೆದದ್ದು ಎಂದೆ.

"ನನ್ನ ಸಮಾಧಾನಕ್ಕ ಹೇಳಬ್ಯಾಡ," ಎಂದಳು.

ದೇವರಾಣೆ ಎಂದೆ. ಎಲ್ಲಿ, ಯಾವಾಗ, ಯಾಕೆ ಎಂದು ಒಂದೊಂದೇ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಂತರ ಎದ್ದು, ಎಲ್ಲವನ್ನೂ ಮೊದಲಿನಿಂದ ಎಣಿಸುತ್ತೇನೆ, ನೀನು ಹಿಂದೆ ನಿಲ್ಲು ಎಂದಳು. ಮೇಲಿನ ಸಾಲಿನಿಂದ ಶುರುಮಾಡಿದಳು. ಪ್ರತಿ ಗೋಪುರಕ್ಕೂ, ಹೋಗುವಾಗ ಎಳೆದ ಗೆರೆಗಳನ್ನಷ್ಟೇ, ಗಟ್ಟಿಯಾಗಿ ಒಂದರಿಂದ ಏಳು. ಅವಳ ಧ್ವನಿ ಎಲ್ಲಿಯೂ ತಡವರಿಸಲಿಲ್ಲ. ಹಿಂಗಾಲಿನ ಎಂಟನೆಯದನ್ನು ಕಪ್ಪು ಬಣ್ಣದಿಂದ ಮುಚ್ಚಿದಳು. ಮುಂದೆ ಹೋದಳು. ಎಡಗಿವಿಯ ಹಿಂದೆ ಬಂದಾಗ ಮತ್ತೆ ನಿಂತಳು.

ಅಲ್ಲಿಯೂ ಎಂಟು.

"ಇದೂ ನಿಂದೇನು?" ಎಂದು ಕೇಳಿದಳು.

ನಾನು ಆನೆಯ ಆ ಬದಿಗೆ ಕೂತವನೇ ಅಲ್ಲ. ನನ್ನ ಕುರ್ಚಿ ಬಲಕ್ಕಿತ್ತು. ಎಳೆದದ್ದು ಒಂದೇ ಗೆರೆ. ಅವಳ ಬೆರಳು ಇನ್ನೂ ಆ ಗೆರೆಯ ಮೇಲೆಯೇ ಇತ್ತು, ಉಗುರಿನ ಸುತ್ತ ಬಿಳಿ ಬಣ್ಣ ಒಣಗಿತ್ತು.

"ಹೌದು," ಎಂದೆ.

"ಒಂದು ಅಂದಿದ್ದಿ."

"ಎರಡು. ಹೇಳಾಕ ನಾಚಿಕಿ ಆತು."

ಅವಳಿಗೆ ಸಿಟ್ಟು ಬಂತು. ಮಾಸ್ತರರ ಎದುರಿಗೇ ನನ್ನನ್ನು ಬೈದಳು. ಕಾರ್ಖಾನೆಯಲ್ಲಿಯೂ ಮಂದಿಯ ಕೆಲಸದಲ್ಲಿ ಹಿಂಗ ಕೈ ಹಾಕುತ್ತಿದ್ದೆಯೇನು, ನಿನ್ನಿಂದ ನನ್ನ ತಲೆ ಕೆಟ್ಟಿತು ಅಂತ ತಿಳಿದಿದ್ದೆ ಎಂದಳು. ಅಷ್ಟು ಗಟ್ಟಿ ದನಿಯಲ್ಲಿ ಅವಳು ಮಾತಾಡಿದ್ದನ್ನು ಬೇಸಿಗೆಯಿಂದೀಚೆಗೆ ನಾನು ಕೇಳಿರಲಿಲ್ಲ. ಆ ಗೆರೆಯನ್ನೂ ಮುಚ್ಚಿ, ಊಟಕ್ಕೂ ಏಳದೆ, ಹರಾಜಿನವರು ಬಂದು ಮೇಜಿನ ಮೇಲೆ ಎತ್ತಿಡುವ ಹೊತ್ತಿಗೆ ಕೊನೆಯ ಗೋಪುರ ಮುಗಿಸಿದಳು. ಬಣ್ಣ ಇನ್ನೂ ಹಸಿ ಇತ್ತು. ಹಿಮಾಯತ್‌ನಗರದ ಒಬ್ಬ ತೆಲುಗು ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನ ಬಾಗಿಲಿಗೆಂದು ಅದನ್ನು ಕೂಗಿಕೊಂಡರು.

ಮರುದಿನ ಬೆಳಿಗ್ಗೆ ಬೀರು ತೆಗೆದು ಡಬ್ಬಿ ಕೊಟ್ಟೆ. ಮಾತು ಕೊಟ್ಟಿದ್ದೆ. ಆ ವಾರದ ಕೊನೆಗೆ ಅವಳು ದಿಲ್‌ಸುಖ್‌ನಗರಕ್ಕೆ ಹೋದಳು. ಅದಕ್ಕೂ ಮೊದಲು ನರದ ವೈದ್ಯರ ಹತ್ತಿರ ಹೋಗಿದ್ದೆವು. ಅವರು ನನ್ನ ಕಡೆ ತಿರುಗಿ, ಎಣಿಕೆಯಲ್ಲಿ ತಪ್ಪೇನಾದರೂ ಕಂಡಿರಾ ಎಂದು ಹಿಂದಿಯಲ್ಲಿ ಕೇಳಿದರು. ಅಕ್ಕ ನನಗಿಂತ ಮೊದಲು ಉತ್ತರ ಕೊಟ್ಟಳು: ತಪ್ಪೆಲ್ಲ ಇವನದು. ವೈದ್ಯರು ನಕ್ಕರು. ನಾನೂ ನಕ್ಕೆ. ಅವರು ಫೈಲಿನಲ್ಲಿ ಏನೋ ಬರೆದುಕೊಂಡರು.

ಈಗ ಪ್ರತಿ ಭಾನುವಾರ ಮೆಟ್ರೊ ಹಿಡಿದು ಹೋಗುತ್ತೇನೆ. ಅವಳು ಒಳಗೆ ಚಹಾ ಕುದಿಸುವಾಗ ಡಬ್ಬಿ ತೆಗೆದು ಎಣಿಸುತ್ತೇನೆ. ಕಳೆದ ವಾರ ಒಂದು ಮಾತ್ರೆ ಹೆಚ್ಚಿಗೆ ಉಳಿದಿತ್ತು. ತಾರೀಖು ಹಿಡಿದು ಮತ್ತೆ ಎಣಿಸಿದೆ. ಹೆಚ್ಚಿಗೆಯೇ. ಅಷ್ಟರಲ್ಲಿ ಅವಳು ಎರಡು ಕಪ್ಪು ಹಿಡಿದು ಬಂದಳು, ಗಡಿಯಾರ ನೋಡಿದಳು, ನನ್ನ ಕೈಯಿಂದ ಮಾತ್ರೆಯ ಪಟ್ಟಿ ತೆಗೆದುಕೊಂಡು ಆ ಸಂಜೆಯ ಮಾತ್ರೆಯನ್ನು ಬಿಡಿಸಿ ನುಂಗಿದಳು. ಇನ್ನೂ ನುಂಗದ ಮಾತ್ರೆಯನ್ನು ನಾನು ನುಂಗಿದ ಲೆಕ್ಕಕ್ಕೆ ಹಿಡಿದಿದ್ದೆ.

ಮನೆಗೆ ಬರುವಾಗ ಮೆಟ್ರೊದಲ್ಲಿ ನಿಂತು ಶನಿವಾರದ ಆ ಮಧ್ಯಾಹ್ನವನ್ನು ಮೊದಲಿನಿಂದ ನೆನಪಿಸಿಕೊಂಡೆ. ಕುರ್ಚಿ ಬಲಕ್ಕಿತ್ತು. ಕುಂಚ ಎತ್ತಿದೆ. ಹಿಂಗಾಲಿನ ಮೇಲೆ ಒಂದು ಗೆರೆ ಎಳೆದೆ. ಆಮೇಲೆ ಕುಂಚ ತೊಳೆಯಲು ಎದ್ದೆ. ನೀರಿನ ಡಬ್ಬಿ ಆನೆಯ ಎಡಗಡೆ ಇತ್ತು, ಆ ಕಿವಿಯ ಹತ್ತಿರ.