ಬೀಳಲೆಂದು ಕಾದ ದಿನ

ಮೊನ್ನೆ ಬೈಲಹೊಂಗಲದ ದವಾಖಾನೆಯಲ್ಲಿ ನರ್ಸು ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು ನೋಡಿ, ಆ ವಾಸನೆಗೆ ನಾನು ಎಪ್ಪತ್ತರ ದಶಕದ ಕೊನೆಗೆ, ದೊಡವಾಡದ ನಮ್ಮ ಮನೆಗೆ ಹೋಗಿಬಿಟ್ಟೆ.

ಆಗ ನಾನು ಎಳೆಗೂಸಿನ ತಾಯಿ. ಯಾವ ಸೂಚನೆಯೂ ಇಲ್ಲದೆ ಎಚ್ಚರ ತಪ್ಪಿ ಬೀಳುತ್ತಿದ್ದೆ. ಮಗಳಿಗೆ ನೀರೆರೆಯುವಾಗ ಒಮ್ಮೆ ಬಿದ್ದೆ. ಕೂಸು ಬಚ್ಚಲ ಕಲ್ಲಿನ ಮೇಲೆ ಜಾರಿತು. ಅತ್ತೆ ಓಡಿಬಂದು ಎತ್ತಿಕೊಂಡರು. ಅಂದಿನಿಂದ ಕೂಸು ಅವರ ಕಂಕುಳಲ್ಲೇ. ಹಾಲು ಕುಡಿಸುವಾಗ ಮಾತ್ರ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಕೂಸಿನ ಕೆಳಗೆ ತಮ್ಮ ಕೈ ಇಟ್ಟುಕೊಂಡೇ ಕೊಡುತ್ತಿದ್ದರು. ದೆವ್ವ ಎಂದವರಿದ್ದರು, ಸೋಗು ಎಂದವರೂ ಇದ್ದರು. ಅತ್ತೆ ಕೂಸನ್ನು ಇನ್ನಷ್ಟು ಅವಚಿಕೊಳ್ಳುತ್ತಿದ್ದರು; ನನಗೆ ಅದರದೇ ಹೆಚ್ಚು ಭಯ.

ಧಾರವಾಡದ ತರುಣ ಡಾಕ್ಟರು ಎಷ್ಟು ಸಲ ನೋಡಿದರೂ ಎದೆ ಸರಿಯಾಗಿಯೇ ಬಡಿಯುತ್ತಿತ್ತು. ಕೊನೆಗೆ ಮುಂಬೈಯಿಂದ ದಿನವಿಡೀ ಎದೆಬಡಿತ ಬರೆದಿಡುವ ಒಂದು ಯಂತ್ರ ಎರವಲು ತರಿಸಿದರು. ಎದೆಗೆ ಸ್ಪಿರಿಟ್ ಒರೆಸಿ ತಂತಿ ಅಂಟಿಸಿ, ಟೇಪು ಸುತ್ತುವ ಭಾರದ ಪೆಟ್ಟಿಗೆಯನ್ನು ಹೆಗಲಿಗೆ ತೂಗುಹಾಕಿದರು.

"ನಾಳೆ ಮುಂಜಾನಿತನಾ ತಗೀಬ್ಯಾಡ್ರಿ ಅಕ್ಕಾರ. ಮನಿ ಕೆಲಸ ಎಲ್ಲಾ ಮಾಡ್ರಿ. ಇದು ಮೈಮ್ಯಾಲಿದ್ದಾಗ ಚಕ್ಕರ ಬಂದ್ರನ ನಮಗ ಗೊತ್ತಾಗತೈತಿ."

ಊರಿಗೆ ಮರಳುವ ಬಸ್ಸಿನಲ್ಲಿ ಪಕ್ಕದ ಮುದುಕ, "ರೇಡಿಯೋ ಏನವಾ? ಒಂದ್ ಹಾಡ ಹಚ್ಚು" ಎಂದ. "ಹಾಡೂದು ಇನ್ನೂ ಚಾಲೂ ಆಗಿಲ್ರಿ" ಎಂದೆ. ನಗುತ್ತಲೇ ಪೆಟ್ಟಿಗೆಯ ಮೇಲೆ ಸೆರಗು ಎಳೆದುಕೊಂಡೆ.

ಅಂದು ರೊಟ್ಟಿ ಬಡಿದೆ, ನೀರು ಸೇದಿದೆ, ಬೇಕೆಂದೇ ಬಿಸಿಲಲ್ಲಿ ನಿಂತೆ. ಬೀಳಲಿಲ್ಲ. ಅಷ್ಟು ದಿನ ಹೆದರಿದ್ದನ್ನೇ ಹಂಬಲಿಸಿದರೆ, ಎದೆ ಸಾಲೆಯ ಜಾಣ ಹುಡುಗಿಯಂತೆ ನಡೆದುಕೊಂಡಿತು. ಅತ್ತೆ ಕೂಸನ್ನೆತ್ತಿಕೊಂಡು ನನ್ನ ಹಿಂದೆಯೇ ತಿರುಗಿದರು.

ಮರುದಿನ ಬೆಳಿಗ್ಗೆ, ತಂತಿ ಇನ್ನೂ ಎದೆಯ ಮೇಲಿದ್ದಂತೆಯೇ, ಯಂತ್ರ ಹಿಂತಿರುಗಿಸಲು ಬಸ್ಸಿಗೆ ಕಾಯುತ್ತಿದ್ದೆವು. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ನನ್ನ ಮೊಣಕೈಯಲ್ಲಿ ರಕ್ತ. ಅತ್ತೆಯ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ನೆಲಕ್ಕೆ ತಾಗದಂತೆ ಎತ್ತಿಹಿಡಿದ ಪೆಟ್ಟಿಗೆ. "ಬಂತು, ಯವ್ವಾ, ಬಂತು" ಎಂದು ಅಳುತ್ತಿದ್ದರು.

ಕೆಲವು ದಿನಗಳ ನಂತರ ಡಾಕ್ಟರು ಉದ್ದನೆಯ ಕಾಗದವೊಂದನ್ನು ತೋರಿಸಿದರು. ಕುಣಿಯುತ್ತಿದ್ದ ಗೆರೆ ಒಂದೆಡೆ ಮಟ್ಟಸವಾಗಿ ಮಲಗಿತ್ತು. "ಇಲ್ಲಿ ನಿಮ್ಮ ಎದಿ ನಿಂತಿತ್ತರಿ" ಎಂದು ತಲೆ ತಗ್ಗಿಸಿದರು. "ಆ ದಿನಾ ನೀವು ಬೀಳ್ಲಿ ಅಂತ ಬೇಡ್ಕೊಂಡಿದ್ನ್ರಿ. ಡಾಕ್ಟರ್ ಆದಾವ ಬೇಡೂದಲ್ಲ ಅದು."

"ನಾನೂ ಅದನ್ನ ಬೇಡ್ಕೊಂಡಿದ್ನ್ರಿ, ಸಾಹೇಬ್ರ" ಎಂದರು ಅತ್ತೆ.

ಮುಂಬೈಯಲ್ಲಿ ನನ್ನ ಎದೆಯ ಚರ್ಮದಡಿ ಪೇಸ್‌ಮೇಕರ್ ಕೂಡಿಸಿದರು. ಊರಿಗೆ ಮರಳಿದ ದಿನ ಅತ್ತೆ "ತಗೋ" ಎಂದು ಕೂಸನ್ನು ನನ್ನ ತೋಳಲ್ಲಿಟ್ಟು, ಹಿತ್ತಲಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು.

ಇಷ್ಟು ವರ್ಷ ಇದನ್ನು ಯಂತ್ರದ ಕತೆಯೆಂದೇ ಹೇಳುತ್ತ ಬಂದೆ. ಅತ್ತೆಯ ಆಗಿನ ವಯಸ್ಸನ್ನು ನಾನೀಗ ದಾಟಿದ್ದೇನೆ. ಕೂಸನ್ನು ನನ್ನ ಕೈಗೇ ನಂಬಿ, ಒಮ್ಮೆಯೂ ತಿರುಗಿ ನೋಡದೆ ಹಾಗೆ ನಿಲ್ಲಲು ಅವರು ಅದೆಷ್ಟು ಹಲ್ಲು ಕಚ್ಚಿಕೊಂಡಿದ್ದರೋ.